‘ಇಂಗ್ಲಿಷ್ ಗೀತ’ಗಳೊಳಗಿನ ಸ್ಕಾಟ್ಲೆಂಡು

೧

ದಿವಂಗತ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು. ಹೊಸಗನ್ನಡ ಕವಿತೆಗೆ ಈ ಚಿಕ್ಕ ಹೊತ್ತಗೆಯು ಮಾಡಿದ ಉಪಕಾರವನ್ನು ಕುರಿತು ನಮ್ಮ ವಿಮರ್ಶಕರು ವಿಪುಲವಾಗಿ ಬರೆದಿರುವರು. ಮಾತ್ರಾಗಣಗಳನ್ನು ಹೊಸ ಹೊಸ ವಿನ್ಯಾಸಗಳಲ್ಲಿ ಜೋಡಿಸಿದುದು, ದೇವತೆಗಳನ್ನೂ ಅರಸರನ್ನೂ ಬಿಟ್ಟು ಸಾಮಾನ್ಯರ ಸುಖದುಃಖಗಳಿಗೆ ಕಾವ್ಯದಲ್ಲಿ ಎಡೆಕೊಟ್ಟುದು, ತಿಳಿಗನ್ನಡವು ಘನವಾದ ಭಾವವನ್ನು ಹೊರಬಲ್ಲುದೆಂದು ತೋರಿಸಿಕೊಟ್ಟುದು, ಇವೆಲ್ಲವೂ ಈಗ ತರಗತಿಯ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿಗಳು. ಅವನ್ನು ಮತ್ತೆ ವಿಸ್ತರಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆ ಪುಸ್ತಕದ ಹೆಸರಿನಲ್ಲಿರುವ ‘ಇಂಗ್ಲಿಷ್’ ಎಂಬ ಒಂದು ಶಬ್ದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದಷ್ಟೇ ನಮ್ಮ ಆಶಯ.

ಸಂಗ್ರಹದಲ್ಲಿ ಕನ್ನಡಿಗರ ಬಾಯಲ್ಲಿ ಹೆಚ್ಚಾಗಿ ನಿಂತಿರುವ ಕಥನಕವನಗಳು ಯಾವುವೆಂದು ಕೇಳಿದರೆ, ‘ಕಾರಿ ಹೆಗ್ಗಡೆಯ ಮಗಳು’, ‘ಮುದಿಯ ರಾಮೇಗೌಡ’ ಎಂಬ ಎರಡು ಹೆಸರುಗಳು ಮೊದಲು ಬರುತ್ತವೆ. ಒಲವಿನ ಹಾಡು ಯಾವುದೆಂದು ಕೇಳಿದರೆ ‘ನನ್ನ ಪ್ರೇಮದ ಹುಡುಗಿ’ ಬಾರದೆ ಇರದು. ಈ ಮೂರರ ಮೂಲಗಳನ್ನೂ ಬರೆದವರು ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನವರು. ಇವುಗಳಲ್ಲಿ ಎರಡರ ಭಾಷೆಯೂ ಶುದ್ಧ ಇಂಗ್ಲಿಷಲ್ಲ. ಇದು ಜನ್ಮಪತ್ರಿಕೆಯ ವಿಷಯ, ಕಾವ್ಯಕ್ಕೆ ಇದರಿಂದೇನಾಗಬೇಕು ಎಂದು ಕೆಲವರು ಕೇಳಬಹುದು. ಕಾವ್ಯಕ್ಕೆ ಇದರಿಂದ ಆಗಬೇಕಾದುದು ಬಹಳವುಂಟು ಎಂಬುದು ಈ ಲೇಖನದ ಪ್ರತಿಪಾದನೆ. ಕನ್ನಡವು ಸ್ಕಾಟರಿಂದ ಏನನ್ನು ಪಡೆಯಿತು, ಏನನ್ನು ಪಡೆಯದೆ ಬಿಟ್ಟಿತು, ಬಿಟ್ಟುದನ್ನು ಮುಂದೆ ಬೇರೆ ದಾರಿಯಿಂದ ಹೇಗೆ ಗಳಿಸಿಕೊಂಡಿತು, ಇಂದು ಸ್ಕಾಟ್ಲೆಂಡಿನ ಸಮಕಾಲೀನ ಸಾಹಿತ್ಯವನ್ನು ಕನ್ನಡಿಸಬೇಕೆನ್ನುವವನಿಗೆ ಈ ಚರಿತ್ರೆಯು ಕಲಿಸುವುದೇನು ಎಂಬ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

೨

ಮೊದಲು ಮೂಲಗಳ ವಿಚಾರ. ‘ಮುದಿಯ ರಾಮೇಗೌಡ’ದ ಮೂಲವು ‘ಆಲ್ಡ್ ರಾಬಿನ್ ಗ್ರೇ’. ಇದನ್ನು ಬರೆದಾಕೆ ೧೭೫೦ರಲ್ಲಿ ಹುಟ್ಟಿದ ಲೇಡಿ ಆನ್ ಲಿಂಡ್ಸೆ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳು. ಒಂದು ಹಳೆಯ ಹಳ್ಳಿಯ ಧಾಟಿಯನ್ನು ಕೇಳಿ ಮೆಚ್ಚಿ, ಅದಕ್ಕೆ ಹೊಂದುವಂತೆ ಈಕೆಯು ಹೊಸ ಮಾತುಗಳನ್ನು ಕಟ್ಟಿದಳು. ಹಾಡು ನಾಡೆಲ್ಲ ಹಬ್ಬಿ ಜಾನಪದವೆಂದೇ ಖ್ಯಾತವಾಯಿತು. ಆದರೂ ಐವತ್ತು ವರ್ಷಗಳ ಕಾಲ ಅದು ತನ್ನದೆಂದು ಆಕೆಯು ಹೇಳಿಕೊಳ್ಳಲಿಲ್ಲ. ೧೮೨೩ರಲ್ಲಿ ಸರ್ ವಾಲ್ಟರ್ ಸ್ಕಾಟನಿಗೆ ಬರೆದ ಕಾಗದದಲ್ಲಿ ಗುಟ್ಟನ್ನು ಬಿಟ್ಟುಕೊಟ್ಟಳು. ಕಥೆ ಸರಳವಾದುದು. ಬಡ ಹುಡುಗಿಯೊಬ್ಬಳನ್ನು ಪ್ರೀತಿಸಿದ ಹುಡುಗನು ಹಣ ಸಂಪಾದಿಸಿಕೊಂಡು ಬರುವೆನೆಂದು ಹಡಗು ಹತ್ತುತ್ತಾನೆ. ಇತ್ತ ತಂದೆಯ ತೋಳು ಮುರಿಯುತ್ತದೆ, ಹಸು ಕಳವಾಗುತ್ತದೆ, ತಾಯಿ ಹಾಸಿಗೆ ಹಿಡಿಯುತ್ತಾಳೆ. ಮುದುಕನಾದ ರಾಬಿನ್ ಗ್ರೇ ಆ ಸಂಸಾರವನ್ನು ಸಾಕಿ, ಕಣ್ಣೀರಿಟ್ಟು ಅವಳ ಕೈಹಿಡಿಯಲು ಕೇಳುತ್ತಾನೆ. ಮದುವೆಯಾಗಿ ನಾಲ್ಕು ವಾರ ಕಳೆಯುವುದರೊಳಗೆ ಹುಡುಗನು ಮರಳಿ ಬರುತ್ತಾನೆ. ಇಲ್ಲಿ ದುಷ್ಟರು ಯಾರೂ ಇಲ್ಲ, ಮುದುಕನೂ ಒಳ್ಳೆಯವನೇ. ಕವಿತೆಯ ಮರ್ಮವಿರುವುದು ಇಲ್ಲಿಯೇ. ಎಲ್ಲವನ್ನೂ ಹೇಳುವವಳು ಆ ಹೆಣ್ಣು, ಹೇಳುವುದು ಅವಳ ಊರಿನ ಮಾತಿನಲ್ಲಿ.

‘ಕಾರಿ ಹೆಗ್ಗಡೆಯ ಮಗಳು’ ಎಂಬುದಕ್ಕೆ ಮೂಲವು ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಥಾಮಸ್ ಕ್ಯಾಂಪ್‌ಬೆಲ್ ಕವಿಯ ‘ಲಾರ್ಡ್ ಅಲಿನ್ಸ್ ಡಾಟರ್’. ಇದು ೧೮೦೯ರಲ್ಲಿ ಪ್ರಕಟವಾಯಿತು. ಓಡಿಬಂದ ಪ್ರಣಯಿಗಳು, ಬೆನ್ನಟ್ಟಿದ ತಂದೆ, ಬಿರುಗಾಳಿ, ದೋಣಿ, ಸಾವು: ಇದರ ವಸ್ತುವೂ ಸ್ಥಳವೂ ಸ್ಕಾಟ್ಲೆಂಡಿನ ಪಶ್ಚಿಮದ ಮಲೆನಾಡಿನವು. ಭಾಷೆ ಮಾತ್ರ ಶಿಷ್ಟವಾದ ಇಂಗ್ಲಿಷು. ಮೂರನೆಯದಾದ ‘ನನ್ನ ಪ್ರೇಮದ ಹುಡುಗಿ’ಯ ಮೂಲವು ರಾಬರ್ಟ್ ಬರ್ನ್ಸನ ‘ಎ ರೆಡ್, ರೆಡ್ ರೋಸ್’. ಇದು ೧೭೯೪ರಲ್ಲಿ ಅಚ್ಚಾಯಿತು. ಬರ್ನ್ಸ್ ಕೇವಲ ಕವಿಯಲ್ಲ, ಹಾಡುಗಳ ಸಂಗ್ರಾಹಕನೂ ಹೌದು. ಜೇಮ್ಸ್ ಜಾನ್ಸನನು ೧೭೮೭ರಿಂದ ೧೮೦೩ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಎಂಬ ಆರುನೂರು ಹಾಡುಗಳ ಭಂಡಾರಕ್ಕೆ ಅವನು ಹಳ್ಳಿಹಳ್ಳಿಗಳಿಂದ ಧಾಟಿಗಳನ್ನೂ ಮುರುಕು ಪಲ್ಲವಿಗಳನ್ನೂ ಆಯ್ದು ತಂದು, ತುಂಬಬೇಕಾದಲ್ಲಿ ತುಂಬಿ, ತಿದ್ದಬೇಕಾದಲ್ಲಿ ತಿದ್ದಿ ಒಪ್ಪಿಸಿದನು. ಈ ಕೆಂಗುಲಾಬಿಯ ಹಾಡೂ ಹಾಗೆ ಜನರ ಬಾಯಿಂದ ಬಂದ ನುಡಿಗಳ ಮೇಲೆ ಎದ್ದುನಿಂತದ್ದು.

ಹೀಗೆ ಮೂರು ಕವಿತೆಗಳಲ್ಲಿ ಸ್ಕಾಟ್ಲೆಂಡಿನ ಭಾಷಾಸ್ಥಿತಿಯ ಮೂರು ಮೆಟ್ಟಿಲುಗಳು ಕಾಣುತ್ತವೆ. ಕ್ಯಾಂಪ್‌ಬೆಲ್ಲನು ತನ್ನ ನಾಡಿನ ಕಥೆಯನ್ನು ನೆರೆಯವರ ಭಾಷೆಯಲ್ಲಿ ಹೇಳಿದನು. ಬರ್ನ್ಸನು ಎರಡನ್ನೂ ಬೆರೆಸಿದನು. ಲಿಂಡ್ಸೆಯು ತಾನು ಮನೆಯಲ್ಲಿ ಆಡದ, ಆದರೆ ಸುತ್ತಲೂ ಕೇಳುತ್ತಿದ್ದ ರೈತಹೆಂಗಸಿನ ಸ್ಕಾಟ್ಸ್ ಮಾತನ್ನು ಕಾವ್ಯಕ್ಕೆ ತಂದಳು. ಸ್ಕಾಟ್ಸ್ ಎಂಬುದು ಇಂಗ್ಲಿಷಿನ ಒಂದು ಅಪಭ್ರಂಶವೋ, ಅದರೊಡನೆ ಹುಟ್ಟಿ ಬೇರೆಯಾಗಿ ಬೆಳೆದ ಸೋದರಭಾಷೆಯೋ ಎಂಬ ವಿವಾದವು ಹಳೆಯದು. ೧೭೦೭ರಲ್ಲಿ ಎರಡು ರಾಜ್ಯಗಳೂ ಒಂದಾಗುವ ಮುಂಚೆ ಅದು ಒಂದು ರಾಜ್ಯದ ಆಸ್ಥಾನದಲ್ಲಿಯೂ ಕಾವ್ಯದಲ್ಲಿಯೂ ನಡೆದ ಭಾಷೆಯಾಗಿತ್ತೆಂಬುದನ್ನು ಮಾತ್ರ ಮರೆಯಬಾರದು.

೩

ಇವನ್ನು ಶ್ರೀಕಂಠಯ್ಯನವರು ಕನ್ನಡಿಸಿದ ಬಗೆಯನ್ನು ಈಗ ನೋಡೋಣ. ಅವರು ಮಾಡಿದ ಮೊದಲ ಕೆಲಸ ಹೆಸರುಗಳನ್ನು ನಮ್ಮ ನೆಲಕ್ಕೆ ಇಳಿಸಿದುದು. ರಾಬಿನ್ ಗ್ರೇ ರಾಮೇಗೌಡನಾದನು. ಮೂಲದ ಎರಡು ಮೊದಲಕ್ಷರಗಳ ಧ್ವನಿಯೂ, ಹೆಸರಿನ ತೂಕವೂ ಇಲ್ಲಿ ಉಳಿದಿರುವುದನ್ನು ಗಮನಿಸಬೇಕು. ಲಾರ್ಡ್ ಅಲಿನನು ಹೆಗ್ಗಡೆಯಾದನು. ದ್ವೀಪದ ನಾಯಕನು ಪಡುವಣ ದಿಬ್ಬದ ಗೌಡನೂ, ದೋಣಿಗಾರನು ‘ತೊರೆಯ’ನೂ ಆದರು. ‘ಲಾರ್ಡ್’ ಎಂಬುದಕ್ಕೆ ಪ್ರಭುವೆಂದೋ ‘ಚೀಫ್‌ಟನ್’ ಎಂಬುದಕ್ಕೆ ನಾಯಕನೆಂದೋ ಕೋಶವನ್ನು ನೋಡಿ ಬರೆದಿದ್ದರೆ ಕವಿತೆಯು ಹೊರಗಿನದಾಗಿಯೇ ಉಳಿಯುತ್ತಿತ್ತು. ಹೆಗ್ಗಡೆ ಎಂದೊಡನೆ ಮಲೆನಾಡಿನ ಮನೆತನದ ಹಟ, ಮಾನ, ಆಳುಕಾಳುಗಳ ಬಲ ಇವೆಲ್ಲವೂ ಒಂದೇ ಶಬ್ದದಲ್ಲಿ ಬಂದು ನಿಲ್ಲುತ್ತವೆ. ಸ್ಕಾಟ್ಲೆಂಡಿನ ಕುಲನಾಯಕನಿಗೆ ಇದಕ್ಕಿಂತ ಸಮೀಪದ ಶಬ್ದವು ಕನ್ನಡದಲ್ಲಿ ದೊರೆಯುವುದು ಕಷ್ಟ. ಬರ್ನ್ಸನ ಗುಲಾಬಿಗೆ ಪ್ರತಿಯಾಗಿ ತಾವರೆಯು ಅರಳಿರುವುದೂ ಇದೇ ನ್ಯಾಯದಿಂದ.

ಎರಡನೆಯದು ಛಂದಸ್ಸು. ಆಂಗ್ಲ ಛಂದಸ್ಸಿನ ಲಾವಣಿಯ ಕಟ್ಟು ನಾಲ್ಕು ಸಾಲಿನದು, ಅಂತ್ಯಪ್ರಾಸದ ಮೇಲೆ ನಿಲ್ಲುವಂಥದು. ಶ್ರೀಕಂಠಯ್ಯನವರು ನಾಲ್ಕು ಸಾಲನ್ನು ಉಳಿಸಿಕೊಂಡರು, ಕೊನೆಯ ಸಾಲನ್ನು ಮೊಟಕುಮಾಡಿದರು. ಆದರೆ ‘ಕಾರಿ ಹೆಗ್ಗಡೆಯ ಮಗಳು’ ನಡೆಯುವುದು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಲ್ಲಿ. ಅದರ ಪೂರ್ಣವಾದ ಸಾಲನ್ನು ಎಣಿಸಿ ನೋಡಿದರೆ ಅದು ಭಾಮಿನಿ ಷಟ್ಪದಿಯ ಚಿಕ್ಕ ಸಾಲೇ ಆಗಿದೆ. ಇಷ್ಟೇ ಅಲ್ಲ. ಮೊದಲ ಪದ್ಯದ ನಾಲ್ಕು ಸಾಲುಗಳಲ್ಲಿಯೂ ಎರಡನೆಯ ಅಕ್ಷರವು ಡಕಾರ. ಎಂದರೆ ಹಳೆಯ ಆದಿಪ್ರಾಸವು ಅಲ್ಲಿ ನಿರಾಯಾಸವಾಗಿ ಪಾಲಿತವಾಗಿದೆ. ಪ್ರಾಸವನ್ನು ಬಿಡಬೇಕೆ ಬೇಡವೆ ಎಂದು ಅಂದು ನಡೆಯುತ್ತಿದ್ದ ಚರ್ಚೆಯ ಹಿನ್ನೆಲೆಯಲ್ಲಿ ಇದು ಸ್ವಾರಸ್ಯವಾದ ಸಂಗತಿ. ಹೊಸದರ ಹರಿಕಾರರೆಂದು ನಾವು ಕೊಂಡಾಡುವವರು ಸ್ಕಾಟ್ಲೆಂಡಿನ ಬಿರುಗಾಳಿಯನ್ನು ಕುಮಾರವ್ಯಾಸನ ಗತಿಯಲ್ಲಿ ಬೀಸಿಸಿರುವರು. ಕನ್ನಡಿಗನ ಕಿವಿಗೆ ಈ ಕವಿತೆ ಮೊದಲ ಸಲವೇ ಪರಿಚಿತವೆನಿಸಿದುದಕ್ಕೆ ಗಮಕಿಗಳ ಬಾಯಲ್ಲಿ ಶತಮಾನಗಳಿಂದ ಓಡಾಡಿದ ಆ ನಡೆಯೇ ಕಾರಣವಾಗಿರಬೇಕು.

ಮೂರನೆಯದು, ವಸ್ತುವಿನ ಆಯ್ಕೆ. ೧೯೨೬ರ ಮೈಸೂರಿನ ವಾಚಕನಿಗೆ ಮುದುಕನು ಎಳೆಯ ಹೆಣ್ಣನ್ನು ಮದುವೆಯಾಗುವ ಕಥೆಗೆ ಟಿಪ್ಪಣಿ ಬೇಕಾಗಿರಲಿಲ್ಲ. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ಬಂದುದು ೧೯೨೯ರಲ್ಲಿ. ಅದಕ್ಕೆ ಮುಂಚಿನಿಂದಲೂ ವೃದ್ಧವಿವಾಹವನ್ನು ಕುರಿತ ವಾದವು ನಾಟಕ ಕಾದಂಬರಿಗಳಲ್ಲಿ ನಡೆದೇ ಇತ್ತು. ಅಂಥ ಬರಹಗಳಲ್ಲಿ ಮುದುಕನು ಸಾಮಾನ್ಯವಾಗಿ ಹಾಸ್ಯಕ್ಕೋ ದ್ವೇಷಕ್ಕೋ ಪಾತ್ರನು. ರಾಮೇಗೌಡನಾದರೋ ಮರುಕಕ್ಕೆ ಪಾತ್ರನು. ಯಾರನ್ನೂ ಶಪಿಸಲಾರದ ದುಃಖ, ಋಣಕ್ಕೂ ಒಲವಿಗೂ ನಡುವೆ ಸಿಕ್ಕಿದ ಜೀವ, ಇದನ್ನು ಒಬ್ಬ ಹಳ್ಳಿಯ ಹೆಣ್ಣಿನ ಬಾಯಿಂದಲೇ ಕೇಳಿದುದು ಹೊಸಗನ್ನಡ ಕವಿತೆಗೆ ದೊಡ್ಡ ಲಾಭ.

ಇಲ್ಲಿ ಸಂಗೀತದ ಮಾತನ್ನೂ ಹೇಳಬೇಕು. ಸ್ಕಾಟರ ಹಾಡುಗಳು ವಂಗದೇಶಕ್ಕೂ ಬಂದವು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ‘ಆಲ್ಡ್ ಲ್ಯಾಂಗ್ ಸೈನ್’ ಮುಂತಾದ ಸ್ಕಾಟಿಷ್ ಧಾಟಿಗಳಿಗೆ ತಮ್ಮದೇ ಬಂಗಾಳಿ ಮಾತುಗಳನ್ನು ಹೊಂದಿಸಿದರು. ಅವರು ಧಾಟಿಯನ್ನು ಹಿಡಿದು ಪದಗಳನ್ನು ಬಹುಮಟ್ಟಿಗೆ ಬಿಟ್ಟರು. ನಮ್ಮವರು ಪದಗಳ ಅರ್ಥವನ್ನು ಹಿಡಿದು ಧಾಟಿಯನ್ನು ಬಿಟ್ಟರು. ಬಂಗಾಳಿಯಲ್ಲಿ ಸ್ಕಾಟ್ಲೆಂಡು ಸಂಗೀತವಾಗಿ ಬಂದಿತು, ಕನ್ನಡದಲ್ಲಿ ಸಾಹಿತ್ಯವಾಗಿ ಬಂದಿತು. ಆದುದರಿಂದ ಬರ್ನ್ಸನ ಹಾಡನ್ನು ಓದುವ ಕನ್ನಡಿಗನಿಗೆ ಅದು ಹಾಡೆಂಬುದು ಹೆಸರಿನಿಂದ ಮಾತ್ರ ತಿಳಿಯುತ್ತದೆ. ಆ ಲೋಪವನ್ನು ಮಾತ್ರಾಗಣಗಳ ಲಯವು ಬಹಳಮಟ್ಟಿಗೆ ತುಂಬಿಕೊಟ್ಟಿತು, ಪೂರ್ತಿಯಾಗಿ ಅಲ್ಲ.

೪

ಇಷ್ಟು ಲಾಭವಾಯಿತು. ನಷ್ಟವಾದುದು ಯಾವುದು? ಮೂಲದಲ್ಲಿ ಕ್ಯಾಂಪ್‌ಬೆಲ್ಲನ ಭಾಷೆಯೇ ಬೇರೆ, ಲಿಂಡ್ಸೆಯ ರೈತಹೆಂಗಸಿನ ಭಾಷೆಯೇ ಬೇರೆ. ಮೂಲದ ವಾಚಕನಿಗೆ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಊರಿನ ಅಂಗಡಿಬೀದಿಯಿಂದ ಹಟ್ಟಿಯ ಅಂಗಳಕ್ಕೆ ಇಳಿದಂತಾಗುತ್ತದೆ. ಕನ್ನಡದಲ್ಲಿ ಹೆಗ್ಗಡೆಯ ಮಗಳ ಕಥೆಯೂ ರಾಮೇಗೌಡನ ಹೆಂಡತಿಯ ಕಥೆಯೂ ಒಂದೇ ಬಗೆಯ, ವ್ಯಾಕರಣಕ್ಕೆ ಒಳಪಟ್ಟ ತಿಳಿಗನ್ನಡದಲ್ಲಿ ನಡೆಯುತ್ತವೆ. ಹಳ್ಳಿಯು ಹೆಸರುಗಳಲ್ಲಿ ಬಂದಿತು, ವಸ್ತುವಿನಲ್ಲಿ ಬಂದಿತು, ನಾಲಗೆಯಲ್ಲಿ ಬರಲಿಲ್ಲ. ಎರಡು ಭಾಷೆಗಳ ನಡುವಣ ಹೆಚ್ಚು ಕಡಮೆಯ ಜಗಳವು ‘ಇಂಗ್ಲಿಷ್’ ಎಂಬ ಒಂದೇ ಹೊದಿಕೆಯ ಕೆಳಗೆ ಮುಚ್ಚಿಹೋಯಿತು.

ಇದನ್ನು ದೋಷವೆಂದು ಎಣಿಸುವುದು ಅನ್ಯಾಯ. ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ೧೯೧೧ರಲ್ಲಿ ಧಾರವಾಡದಲ್ಲಿ ಉಪನ್ಯಾಸ ಮಾಡಿದವರ ಮುಂದೆ ಇದ್ದ ಸಮಸ್ಯೆಯು, ಹಳೆಗನ್ನಡದ ಪಾಂಡಿತ್ಯಕ್ಕೂ ಇಂಗ್ಲಿಷಿನ ಮೋಹಕ್ಕೂ ನಡುವೆ ನಾಡಿಗೆಲ್ಲ ಒಪ್ಪುವ ಒಂದು ನಡುಗನ್ನಡವನ್ನು ಕಂಡುಹಿಡಿಯುವುದು. ನಾಡು ಆಗ ಹಲವು ಆಡಳಿತಗಳಲ್ಲಿ ಒಡೆದುಹೋಗಿತ್ತು. ಅಂಥ ಕಾಲದಲ್ಲಿ ಒಂದು ಸೀಮೆಯ ಮಾತನ್ನು ಹಿಡಿಯುವುದಕ್ಕಿಂತ ಎಲ್ಲರಿಗೂ ತಿಳಿಯುವ ನುಡಿಯನ್ನು ಕಟ್ಟುವುದೇ ಹಿರಿದೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಕನ್ನಡಗಳು ಹಲವಾಗಿರುವುದರಿಂದ ಅವುಗಳ ದೋಷವನ್ನು ಸಾವಿರ ಹೆಡೆಯ ವಾಸುಕಿಯೂ ಅರಿಯಲಾರದೆ ಬೇಸರುವನೆಂದು ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತಷ್ಟೆ.

ಆದರೆ ಅದೇ ೧೯೨೬ರಲ್ಲಿ ಸ್ಕಾಟ್ಲೆಂಡಿನಲ್ಲಿ ಏನಾಯಿತೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಯ ಗುರುತ್ವವು ಅರಿವಾಗುತ್ತದೆ. ಗಡಿನಾಡಿನ ಲ್ಯಾಂಗ್‌ಹಮ್ ಎಂಬ ಊರಿನಲ್ಲಿ ೧೮೯೨ರಲ್ಲಿ ಹುಟ್ಟಿದ ಕ್ರಿಸ್ಟೋಫರ್ ಮರ್ರೆ ಗ್ರೀವ್ ಎಂಬಾತನು ಹ್ಯೂ ಮ್ಯಾಕ್‌ಡಯರ್ಮಿಡ್ ಎಂಬ ಕಾವ್ಯನಾಮದಿಂದ ‘ಎ ಡ್ರಂಕ್ ಮ್ಯಾನ್ ಲುಕ್ಸ್ ಅಟ್ ದ ಥಿಸಲ್’ ಎಂಬ ದೀರ್ಘ ಕವಿತೆಯನ್ನು ಆ ವರ್ಷ ಪ್ರಕಟಿಸಿದನು. ಕುಡಿದವನೊಬ್ಬನು ಬೆಳುದಿಂಗಳಲ್ಲಿ ಗುಡ್ಡದ ಮೇಲೆ ಬಿದ್ದುಕೊಂಡು, ತನ್ನ ನಾಡಿನ ಲಾಂಛನವಾದ ಮುಳ್ಳುಗಿಡವನ್ನು ನೋಡುತ್ತ ಲೋಕವನ್ನೆಲ್ಲ ವಿಚಾರಿಸುವುದು ಇದರ ವಸ್ತು. ಭಾಷೆಯು ಸ್ಕಾಟ್ಸ್. ಆದರೆ ಅದು ಯಾವ ಒಂದು ಊರಿನವರೂ ಆಡುವ ಮಾತಲ್ಲ. ೧೮೦೮ರಲ್ಲಿ ಹೊರಬಂದ ಜಾನ್ ಜೇಮಿಸನ್ನನ ಕೋಶದಿಂದಲೂ, ಹಲವು ಸೀಮೆಗಳ ಆಡುನುಡಿಯಿಂದಲೂ, ಹಳೆಯ ಕವಿಗಳಿಂದಲೂ ಶಬ್ದಗಳನ್ನು ಆಯ್ದು ಅವನು ಬೆಸೆದ ಭಾಷೆ. ಸಂಸ್ಕೃತಸಮಗಳನ್ನು ಬಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ ನಮ್ಮ ಆಂಡಯ್ಯನ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ಇಬ್ಬರದೂ ನಾಲಗೆಗಿಂತ ಛಲದಿಂದ ಹುಟ್ಟಿದ ನುಡಿ. ಆದರೆ ಆಂಡಯ್ಯನ ಛಲವು ಮನ್ಮಥನ ಕಥೆಯಲ್ಲಿ ತೃಪ್ತಿಹೊಂದಿತು. ಮ್ಯಾಕ್‌ಡಯರ್ಮಿಡನ ಛಲವು ರಷ್ಯದ ಬ್ಲಾಕ್ ಕವಿಯ ಪದ್ಯಗಳನ್ನೂ ದಸ್ತಯೇವ್‌ಸ್ಕಿಯ ಚಿಂತನೆಯನ್ನೂ ಕುಡುಕನ ಬಾಯೊಳಗೆ ತಂದಿತು. ಹಳ್ಳಿಯ ಮಾತು ಹಳ್ಳಿಯ ವಿಷಯಕ್ಕಷ್ಟೇ ಸರಿ ಎಂಬ ನಂಬಿಕೆಯನ್ನು ಅವನು ಮುರಿದನು.

ಹತ್ತು ವರ್ಷಗಳ ಮೇಲೆ, ೧೯೩೬ರಲ್ಲಿ, ಎಡ್ವಿನ್ ಮ್ಯೂರ್ ಎಂಬ ಕವಿಯು ಇದಕ್ಕೆ ಪ್ರತಿವಾದವನ್ನು ಹೂಡಿದನು. ಸ್ಕಾಟರು ಒಂದು ಭಾಷೆಯಲ್ಲಿ ಅನುಭವಿಸಿ ಮತ್ತೊಂದರಲ್ಲಿ ಆಲೋಚಿಸುವರು, ಈ ಬಿರುಕು ಇರುವವರೆಗೆ ಸ್ಕಾಟ್ಸಿನಲ್ಲಿ ಪೂರ್ಣಸಾಹಿತ್ಯವು ಸಾಧ್ಯವಲ್ಲ, ಇಂಗ್ಲಿಷನ್ನು ಒಪ್ಪಿಕೊಳ್ಳುವುದೇ ಗತಿ ಎಂದನು. ಇಬ್ಬರ ಸ್ನೇಹವೂ ಇದರಿಂದ ಮುರಿಯಿತು. ಇಂಗ್ಲಿಷಿನಲ್ಲಿ ಕಲಿತು ಕನ್ನಡದಲ್ಲಿ ಅತ್ತು ನಕ್ಕ ನಮ್ಮ ವಿದ್ಯಾವಂತರಿಗೆ ಈ ಬಿರುಕು ಅಪರಿಚಿತವಲ್ಲ. ಶ್ರೀಕಂಠಯ್ಯನವರ ಇಡೀ ಜೀವಮಾನದ ಕಾರ್ಯವನ್ನು ಮ್ಯೂರನ ವಾದಕ್ಕೆ ಕನ್ನಡವು ಮುಂಚಿತವಾಗಿಯೇ ಕೊಟ್ಟ ಉತ್ತರವೆಂದು ಹೇಳಬಹುದು.

‘ಇಂಗ್ಲಿಷ್ ಗೀತಗಳು’ ಬಿಟ್ಟುದನ್ನು ಕನ್ನಡವು ಬೇರೆ ದಾರಿಯಿಂದ ಗಳಿಸಿಕೊಂಡಿತು. ಬೇಂದ್ರೆಯವರು ಧಾರವಾಡದ ಮಾತಿನಲ್ಲಿ ಭಾವಗೀತೆಯನ್ನು ಹಾಡಿದರು. ಜಿ. ಪಿ. ರಾಜರತ್ನಂ ಅವರು ೧೯೩೦ರ ದಶಕದಲ್ಲಿ ‘ರತ್ನನ ಪದಗಳ’ನ್ನು ಪ್ರಕಟಿಸಿದರು. ಇಲ್ಲಿಯೂ ಒಬ್ಬ ಕುಡುಕ. ಇಲ್ಲಿಯೂ ಶಿಷ್ಟರು ಕೀಳೆಂದೆಣಿಸಿದ ಮಾತು. ಅಲ್ಲಿ ಮನೆಯಲ್ಲಿ ಕಾದಿರುವ ಜೀನ್, ಇಲ್ಲಿ ನಂಜಿ. ಒಬ್ಬರನ್ನೊಬ್ಬರು ನೋಡಿ ಬರೆದರೆಂದು ನಾವು ಹೇಳುವುದಿಲ್ಲ, ಹಾಗೆ ಹೇಳಲು ಆಧಾರವೂ ಬೇಕಾಗಿಲ್ಲ. ಎರಡು ಭಾಷೆಗಳಿಗೂ ಒಂದೇ ಕಾಲದಲ್ಲಿ ಒಂದೇ ಅಗತ್ಯವು ಕಾಣಿಸಿಕೊಂಡಿತು. ಮರ್ಯಾದಸ್ಥನು ಆಡಲಾರದ ಸತ್ಯವನ್ನು ಆಡಲು ಕುಡುಕನ ನಾಲಗೆ ಬೇಕಾಯಿತು. ನರಕಕ್ಕೆ ತಳ್ಳಿ ನಾಲಗೆ ಸೀಳಿದರೂ ಕನ್ನಡವನ್ನು ಬಿಡೆನೆನ್ನುವ ರತ್ನನ ಪ್ರತಿಜ್ಞೆಯು ಪಂಡಿತರ ಭಾಷಣಗಳಿಗಿಂತ ಹೆಚ್ಚು ದೂರ ಹೋದುದಕ್ಕೆ ಅವನ ಉಚ್ಚಾರಣೆಯೇ ಕಾರಣ. ವ್ಯತ್ಯಾಸವೂ ಉಂಟು. ಮ್ಯಾಕ್‌ಡಯರ್ಮಿಡನ ಕುಡುಕನು ಪುಸ್ತಕ ಓದಿದ ತತ್ತ್ವಜ್ಞಾನಿ. ರತ್ನನು ಹೆಂಡದ ಅಂಗಡಿಯ ಮುಂದಿನ ಮನುಷ್ಯ, ಅವನ ತತ್ತ್ವವೆಲ್ಲವೂ ಅವನ ಬಾಳಿನಿಂದಲೇ ಸೋಸಿ ಬಂದುದು.

೫

ಸ್ಕಾಟ್ಲೆಂಡಿನ ಇಂದಿನ ಸಾಹಿತ್ಯವು ಈ ಜಗಳದ ಫಲ. ಟಾಮ್ ಲೆನರ್ಡನು ೧೯೬೯ರ ‘ಸಿಕ್ಸ್ ಗ್ಲಾಸ್ಗೋ ಪೊಯೆಮ್ಸ್’ನಲ್ಲಿ ಗ್ಲಾಸ್ಗೋ ನಗರದ ಕೆಲಸಗಾರರ ಉಚ್ಚಾರಣೆಯನ್ನು ಕಿವಿಗೆ ಬಿದ್ದಂತೆಯೇ ಬರೆದನು. ಎಡ್ವಿನ್ ಮಾರ್ಗನ್ ೧೯೭೨ರಲ್ಲಿ ಮಾಯಕೋವ್‌ಸ್ಕಿಯನ್ನೂ ೧೯೯೨ರಲ್ಲಿ ಫ್ರೆಂಚ್ ನಾಟಕವಾದ ‘ಸಿರಾನೊ’ವನ್ನೂ ಸ್ಕಾಟ್ಸಿಗೆ ತಂದನು. ಲಾರಿಮರನ ಹೊಸ ಒಡಂಬಡಿಕೆಯ ಸ್ಕಾಟ್ಸ್ ಭಾಷಾಂತರವು ೧೯೮೩ರಲ್ಲಿ ಪ್ರಕಟವಾಯಿತು. ಅದರ ಅನುಬಂಧದ ಒಂದು ಪಾಠದಲ್ಲಿ ಸೈತಾನನೊಬ್ಬನೇ ಇಂಗ್ಲಿಷ್ ಆಡುತ್ತಾನೆ! ೨೦೦೪ರಲ್ಲಿ ‘ಮೇಕರ್’ ಎಂಬ ರಾಷ್ಟ್ರಕವಿ ಪದವಿಯನ್ನು ಏರ್ಪಡಿಸಿ ಮಾರ್ಗನ್ನನಿಗೆ ಕೊಟ್ಟರು. ಅನಂತರ ಲಿಜ್ ಲಾಕ್‌ಹೆಡ್, ಜಾಕಿ ಕೇ, ಕ್ಯಾಥ್ಲೀನ್ ಜೇಮಿ ಎಂಬ ಮೂವರು ಕವಯಿತ್ರಿಯರು ಕ್ರಮವಾಗಿ ೨೦೧೧, ೨೦೧೬, ೨೦೨೧ರಲ್ಲಿಯೂ, ಗೇಲಿಕ್ ಕವಿಯಾದ ಪೀಟರ್ ಮೆಕೇ ೨೦೨೪ರಲ್ಲಿಯೂ ಆ ಪದವಿಗೆ ಬಂದರು. ೨೦೨೫ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆಯು ಗೇಲಿಕ್ಕಿಗೂ ಸ್ಕಾಟ್ಸಿಗೂ ಅಧಿಕೃತ ಸ್ಥಾನವನ್ನು ಕೊಡುವ ಶಾಸನವನ್ನು ಅಂಗೀಕರಿಸಿತು.

ಎಲ್ಲಕ್ಕಿಂತ ನಮಗೆ ಬೋಧಪ್ರದವಾದುದು ಜೇಮ್ಸ್ ಕೆಲ್ಮನ್ನರ ‘ಹೌ ಲೇಟ್ ಇಟ್ ವಾಜ್, ಹೌ ಲೇಟ್’ ಎಂಬ ಕಾದಂಬರಿ. ೧೯೯೪ರ ಬುಕರ್ ಬಹುಮಾನವನ್ನು ಪಡೆದ ಇದನ್ನು ತೀರ್ಪುಗಾರರಲ್ಲೊಬ್ಬರು ಬಹಿರಂಗವಾಗಿ ವಿರೋಧಿಸಿದರು. ಪೊಲೀಸರ ಏಟಿನಿಂದ ಕಣ್ಣು ಕಳೆದುಕೊಂಡ ಒಬ್ಬ ಬಡವನು ಇದರ ನಾಯಕ. ಪಾತ್ರಗಳ ಸಂಭಾಷಣೆಯನ್ನು ಆಡುಮಾತಿನಲ್ಲಿಯೂ ನಿರೂಪಣೆಯನ್ನು ಶಿಷ್ಟಭಾಷೆಯಲ್ಲಿಯೂ ಬರೆಯುವುದು ಕಾದಂಬರಿಕಾರರ ವಾಡಿಕೆ. ಹಾಗೆ ಬರೆದಾಗ ಕಥೆ ಹೇಳುವವನು ಮೇಲೆ ನಿಲ್ಲುತ್ತಾನೆ, ಕಥೆಯವನು ಕೆಳಗೆ. ಕೆಲ್ಮನ್ನರು ಈ ಮೆಟ್ಟಿಲನ್ನೇ ತೆಗೆದುಹಾಕಿ ನಿರೂಪಣೆಯನ್ನೂ ಗ್ಲಾಸ್ಗೋ ಮಾತಿನಲ್ಲಿ ನಡೆಸಿದರು. ಕನ್ನಡ ವಾಚಕರಿಗೆ ಇದು ಹೊಸದೇನೂ ಅಲ್ಲ. ಹತ್ತು ವರ್ಷ ಮೊದಲೇ, ೧೯೮೪ರಲ್ಲಿ, ದೇವನೂರ ಮಹಾದೇವರು ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಮಾತನ್ನು ನಿರೂಪಣೆಯ ಮಾತಾಗಿಯೇ ಮಾಡಿದರು. ಓದಲು ಕಷ್ಟವೆಂಬ ಆಕ್ಷೇಪವು ಅಲ್ಲಿಯಂತೆಯೇ ಇಲ್ಲಿಯೂ ಹುಟ್ಟಿತು. ೧೯೯೦ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ರಾಮೇಗೌಡನ ಹೆಂಡತಿಗೆ ೧೯೨೬ರಲ್ಲಿ ದೊರೆಯದ ನಾಲಗೆಯು ಕನ್ನಡಕ್ಕೆ ಈಗ ಪೂರ್ಣವಾಗಿ ದೊರೆತಿದೆ ಎಂದಾಯಿತು.

೬

ಹಾಗಾದರೆ ಕೆಲ್ಮನ್ನರ ಗ್ಲಾಸ್ಗೋವನ್ನು ಕನ್ನಡಕ್ಕೆ ತರುವವನು ಯಾವ ಕನ್ನಡವನ್ನು ಹಿಡಿಯಬೇಕು? ನಂಜನಗೂಡಿನದು ಒಕ್ಕಲಿನ ಮಾತು, ಧಾರವಾಡದ್ದಕ್ಕೆ ತನ್ನದೇ ಸಾಹಿತ್ಯಪರಂಪರೆಯ ಘನತೆ ಬಂದುಬಿಟ್ಟಿದೆ. ಗ್ಲಾಸ್ಗೋ ಮಾತಾದರೋ ನಗರದ ಮಾತು. ಹಡಗುಕಟ್ಟೆಗಳಿಗೂ ಕಾರ್ಖಾನೆಗಳಿಗೂ ಕೂಲಿಗೆ ಬಂದ ಮಲೆನಾಡಿಗರೂ ಐರ್ಲೆಂಡಿನವರೂ ಸ್ಥಳಿಕರೊಡನೆ ಬೆರೆತು ಬೆಳೆದ ಮಾತು. ಇದಕ್ಕೆ ಸರಿಜೋಡಿಯನ್ನು ಕನ್ನಡ ನಾಡಿನಲ್ಲಿ ಹುಡುಕುವವನು ಬೆಂಗಳೂರಿನ ದಂಡು ಪ್ರದೇಶಕ್ಕೆ ಬರಬೇಕೆಂಬುದು ನಮ್ಮ ಸೂಚನೆ.

ಈ ಪ್ರದೇಶಕ್ಕೂ ಸ್ಕಾಟರಿಗೂ ಹಳೆಯ ನಂಟು. ‘ಕಾರಿ ಹೆಗ್ಗಡೆ’ಯ ಮೂಲವು ಪ್ರಕಟವಾದ ೧೮೦೯ನೆಯ ಇಸವಿಯಲ್ಲಿಯೇ ದಂಡು ಸ್ಥಾಪಿತವಾಯಿತು. ಅದಕ್ಕೂ ಮೊದಲು, ಟಿಪ್ಪು ಸುಲ್ತಾನನ ಪತನದ ಅನಂತರ, ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ನಮ್ಮ ಕೈಫಿಯತ್ತುಗಳನ್ನೂ ಶಾಸನಪಾಠಗಳನ್ನೂ ಕೂಡಿಹಾಕಿ ಉಳಿಸಿದವನು ಅವನೇ. ಸ್ಕಾಟನು ಗಡಿನಾಡ ಲಾವಣಿಗಳನ್ನು ಸಂಗ್ರಹಿಸಿದಾಗ ನೆರವಾದ ಜಾನ್ ಲೈಡನ್ ಎಂಬ ಕವಿಯು ೧೮೦೩ರಲ್ಲಿ ಮದರಾಸಿಗೆ ಬಂದು, ಮೈಸೂರು ಸರ್ವೇಯಲ್ಲಿ ವೈದ್ಯನಾಗಿಯೂ ಪ್ರಕೃತಿಶಾಸ್ತ್ರಜ್ಞನಾಗಿಯೂ ಸೇರಿ, ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದನು. ಕಬ್ಬನ್ ರಸ್ತೆಯಲ್ಲಿ ೧೮೬೬ರಲ್ಲಿ ಪೂರ್ಣಗೊಂಡ ಸಂತ ಆಂಡ್ರ್ಯೂಸ್ ಕರ್ಕ್ ಸ್ಕಾಟರ ಇಗರ್ಜಿಯೇ. ಆದರೂ ಸ್ಕಾಟರ ಹಾಡು ಕನ್ನಡವನ್ನು ಸಂಧಿಸಿದುದು ದಂಡಿನಲ್ಲಲ್ಲ, ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ. ಆದುದರಿಂದಲೇ ಅದು ‘ಇಂಗ್ಲಿಷ್ ಗೀತ’ವೆಂಬ ಹೆಸರನ್ನು ಹೊತ್ತು ಬಂದಿತು.

ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿದುದು ೧೯೪೭ರ ಜುಲೈ ತಿಂಗಳಿನಲ್ಲಿ. ಹಲಸೂರಿನ ಮಗ್ಗುಲಿನ ಮರ್ಫಿ ಟೌನ್, ಶಿವಾಜಿನಗರ ಮುಂತಾದ ಬಡಾವಣೆಗಳಲ್ಲಿ ತಮಿಳು, ತೆಲುಗು, ದಖನಿ, ಇಂಗ್ಲಿಷುಗಳ ನಡುವೆ ಕನ್ನಡವು ಅಂದಿನಿಂದ ತನ್ನ ಜಾಗವನ್ನು ಮಾಡಿಕೊಂಡು ಬೆಳೆದಿದೆ. ಮರ್ಫಿ ಟೌನಿನ ಮಾರುಕಟ್ಟೆಯಲ್ಲಿ ಕೇಳುವ ಕನ್ನಡವನ್ನು ವ್ಯಾಕರಣಜ್ಞನು ಕಲಬೆರಕೆಯೆನ್ನಬಹುದು. ಆದರೆ ಒಂದು ಸಾಧಾರಣವಾದ ಮಾತನ್ನು ತೆಗೆದುಕೊಂಡು ನೋಡೋಣ. ‘ನನ್ನಲ್ಲಿ ಹಣವಿಲ್ಲ, ನಾಳೆ ಬಾ’ ಎಂಬುದು ಪುಸ್ತಕದ ಕನ್ನಡ. ‘ನನ್ ಕಡೆ ರೊಕ್ಕ ಇಲ್ಲೋ, ನಾಳಿ ಬಾ’ ಎಂಬುದು ಧಾರವಾಡದ್ದು. ‘ನನ್ತಾವ ದುಡ್ಡಿಲ್ಲ ಕಣ್ಲಾ, ನಾಳೀಕ್ ಬಾ’ ಎಂಬುದು ರತ್ನನ ಸೀಮೆಯದು. ‘ಕೈಲಿ ಕಾಸಿಲ್ಲ ಮಚ್ಚಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ, ನಾಳೆ ಜಲ್ದಿ ಬಾ’ ಎಂಬುದು ಹಲಸೂರಿನದು. ಕೊನೆಯದರಲ್ಲಿ ಒಂದು ತಮಿಳು, ಒಂದು ಇಂಗ್ಲಿಷ್, ಒಂದು ದಖನಿ ಪದಗಳಿವೆ. ವಾಕ್ಯದ ಬೆನ್ನೆಲುಬು ಮಾತ್ರ ಅಪ್ಪಟ ಕನ್ನಡ. ಸಾಲ ಕೇಳಬಂದವನನ್ನು ನೋಯಿಸದೆ, ತನ್ನ ಬಡತನವನ್ನು ಮುಚ್ಚದೆ, ಸ್ನೇಹವನ್ನು ಮುರಿಯದೆ ಹಿಂದಕ್ಕೆ ಕಳುಹಿಸುವ ನಯವು ಆ ಮೂರು ಎರವಲು ಪದಗಳಲ್ಲಿಯೇ ಇದೆ. ಗ್ಲಾಸ್ಗೋ ಗಲ್ಲಿಯ ಮನುಷ್ಯನಿಗೆ ಕನ್ನಡದಲ್ಲಿ ದೊರೆಯಬಹುದಾದ ಅತಿಸಮೀಪದ ಬಂಧು ಈತನೇ.

ಇದಕ್ಕೆ ಎರಡು ಆಕ್ಷೇಪಗಳನ್ನು ಊಹಿಸಬಹುದು. ಸ್ಕಾಟ್ಸ್ ಬೇರೊಂದು ಭಾಷೆ, ಹಲಸೂರಿನ ಕನ್ನಡವು ಕನ್ನಡವೇ, ಎಂದಮೇಲೆ ಸಾಮ್ಯವೆಲ್ಲಿ ಎಂಬುದು ಮೊದಲನೆಯದು. ನಿಜ, ಸಾಮ್ಯವು ಪೂರ್ಣವಲ್ಲ. ಆದರೆ ಭಾಷಾಂತರಕಾರನು ತರಬೇಕಾದುದು ಭಾಷಾಶಾಸ್ತ್ರದ ವರ್ಗೀಕರಣವನ್ನಲ್ಲ, ಶಿಷ್ಟನುಡಿಗೂ ಬೀದಿನುಡಿಗೂ ನಡುವೆ ಇರುವ ಮಾನಾವಮಾನದ ಅಂತರವನ್ನು. ಆ ಅಂತರವು ಎರಡು ಕಡೆಯೂ ಉಂಟು. ಎರಡನೆಯ ಆಕ್ಷೇಪವು ಹೆಚ್ಚು ಗಟ್ಟಿಯಾದುದು: ಬೆರಕೆಯ ಮಾತು ನಮ್ಮಲ್ಲಿ ನಗೆಯ ಮಾತಾಗಿಹೋಗಿದೆ. ಬೆಂಗಳೂರಿನ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ತಂದ ಕೈಲಾಸಂ ಅವರ ನಾಟಕಗಳನ್ನು ಪ್ರೇಕ್ಷಕರು ನಗುತ್ತಲೇ ಕೇಳಿದರು. ಆ ನಗೆಯ ಒಳಗೆ ಇದ್ದ ಮರುಕವನ್ನು ಗುರುತಿಸಿದವರು ಕಡಮೆ. ದಂಡಿನ ಮಾತನ್ನು ಹಿಡಿದರೆ ಕೆಲ್ಮನ್ನರ ಕುರುಡನೂ ವಿದೂಷಕನಾಗಿಬಿಡುವ ಅಪಾಯವಿದೆ. ಆದರೆ ರತ್ನನನ್ನು ಕೇಳಿದ ಮೊದಲ ಸಭಿಕರೂ ನಕ್ಕಿರಬೇಕಲ್ಲವೆ? ನಗುತ್ತ ಕುಳಿತವರು ಹಾಡು ಮುಗಿಯುವಷ್ಟರಲ್ಲಿ ಗಂಭೀರರಾದರು. ಆ ಮಾತು ದುಃಖವನ್ನು ಹೊರಬಲ್ಲುದೆಂದು ತೋರಿಸಿಕೊಡುವುದು ಕವಿಯ ಕೆಲಸ, ತೋರಿಸುವವರೆಗೆ ಕಾಯುವುದು ವಾಚಕನ ಕರ್ತವ್ಯ.

ಅಧ್ಯಾಪಕಮಿತ್ರರಲ್ಲಿ ಒಂದು ಬಿನ್ನಹ. ‘ಮುದಿಯ ರಾಮೇಗೌಡ’ನನ್ನು ತರಗತಿಯಲ್ಲಿ ಓದುವಾಗ ಇದು ಇಂಗ್ಲಿಷ್ ಕವಿತೆಯ ಅನುವಾದವೆಂದಷ್ಟೇ ಹೇಳಿ ಮುಂದೆ ಹೋಗಬಾರದು. ಇಂಗ್ಲಿಷಿನ ನೆರಳಿನಲ್ಲಿದ್ದ ಇನ್ನೊಂದು ನುಡಿಯಲ್ಲಿ, ತನ್ನ ಊರಿನ ಮಾತಿಗೆ ನಾಚದ ಹೆಣ್ಣೊಬ್ಬಳು ಹೇಳಿಕೊಂಡ ಕಥೆಯೆಂದು ಹೇಳಬೇಕು. ಆಮೇಲೆ ಅದೇ ಕಥೆಯನ್ನು ತಂತಮ್ಮ ಮನೆಯ ಕನ್ನಡದಲ್ಲಿ ಹೇಳಿರೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ಮಂಡ್ಯದವನೂ ಕಲಬುರಗಿಯವಳೂ ಮರ್ಫಿ ಟೌನಿನ ಹುಡುಗನೂ ಒಂದೊಂದು ಬಗೆಯಾಗಿ ಹೇಳುವರು. ಶ್ರೀಕಂಠಯ್ಯನವರು ಅಡಿಪಾಯ ಹಾಕಿಕೊಟ್ಟ ಮನೆಯಲ್ಲಿ ಇನ್ನೂ ಬಾಗಿಲು ತೆರೆಯದ ಕೋಣೆಗಳು ಎಷ್ಟಿವೆಯೆಂಬುದು ಆಗ ಗೊತ್ತಾಗುತ್ತದೆ.